ಹಳೆಯ ಕಾದಂಬರಿಗಳನ್ನು ಹದಿನೇಳರ ಮಕ್ಕಳ ಕೈಗೆ ಕೊಟ್ಟರೆ ಏನು ಸಿಗುತ್ತದೆ?

ಪ್ರಶ್ನೆ
ಕನ್ನಡ ಉಪನ್ಯಾಸಕಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ವರ್ಷ ಪ್ರಥಮ ಪಿಯುಸಿ ಮಕ್ಕಳ ಜೊತೆ, ಪಠ್ಯಪುಸ್ತಕದ ಆಚೆಗೆ, ಕನ್ನಡದ ಹಳೆಯ ಕಾದಂಬರಿಗಳಲ್ಲಿ ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಬೇಕೆಂದುಕೊಂಡಿದ್ದೇನೆ. ಹದಿನಾರು ಹದಿನೇಳರ ಈ ಮಕ್ಕಳ ಮುಂದೆ ದೊಡ್ಡವರಿಗೂ ಬಗೆಹರಿಯದ ಸಂಗತಿಗಳು ಬಂದು ನಿಂತಿವೆ. ಒಬ್ಬಳ ಮನೆಯಲ್ಲಿ ಈಗಲೇ ಮದುವೆಯ ಮಾತು ಶುರುವಾಗಿದೆ. ಇನ್ನೊಬ್ಬನಿಗೆ ವಿಜ್ಞಾನ ಹಿಡಿಸುವುದಿಲ್ಲ, ಆದರೆ ಅವನ ತಂದೆ ಟೊಮೆಟೊ ಬೆಳೆಯ ಮೇಲೆ ಸಾಲ ತಂದು ಶುಲ್ಕ ಕಟ್ಟಿದ್ದಾರೆ. ಕೆಲವರು ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದಿತೆಂದರೆ ಸೊಪ್ಪು ಕೊಯ್ಯುವುದಕ್ಕೆ ಉಳಿದುಬಿಡುತ್ತಾರೆ. ಮರುವಾರ ತರಗತಿಗೆ ಬಂದಾಗ ಓದು ಬೇಕೋ ಹುಳುಮನೆ ಸಾಕೋ ಎಂಬ ಗೊಂದಲ ಅವರ ಮುಖದಲ್ಲೇ ಕಾಣುತ್ತದೆ. ಬುದ್ಧಿಮಾತು ಹೇಳುವವರಿಗೆ ಕೊರತೆಯಿಲ್ಲ. ಕೇಳಿ ಕೇಳಿ ಮಕ್ಕಳಿಗೆ ಅದು ಕಿವಿಗೇ ಬೀಳದಂತಾಗಿದೆ. ಕಾದಂಬರಿಯಾದರೆ ನಾಟಬಹುದೇನೋ ಎಂಬುದು ನನ್ನ ನಂಬಿಕೆ.

ಎರಡು ತೊಡಕುಗಳಿವೆ. ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದುನಿಂತು, “ಮೇಡಂ, ಕಥೆ ಪುಸ್ತಕ ಓದಿದ್ರೆ ಸಿಇಟಿಗೆ ಏನಾದ್ರೂ ಅನುಕೂಲ ಆಗ್ತದಾ?” ಎಂದು ಕೇಳಿದರು. ಅವರು ಹಗುರವಾಗಿ ಕೇಳಲಿಲ್ಲ, ನಿಜವಾದ ಆತಂಕದಿಂದಲೇ ಕೇಳಿದರು. ಅವರಿಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕೆಂಬುದು ನನ್ನ ಇಚ್ಛೆ. ಇನ್ನೊಂದು, ನಮ್ಮ ದೊಡ್ಡ ಕಾದಂಬರಿಗಳಲ್ಲಿ ಹಲವು ಮಲೆನಾಡಿನವು, ಕರಾವಳಿಯವು. ನನ್ನ ಮಕ್ಕಳಲ್ಲಿ ಬಹುಪಾಲು ಮಂದಿ ಮನೆಯಲ್ಲಿ ತೆಲುಗು ಆಡುವವರು. ವರ್ಷವಿಡೀ ಹರಿಯುವ ಹೊಳೆಯನ್ನು ಕಾಣದವರು. ಸಾವಿರ ಅಡಿ ಕೊರೆಸಿದರೂ ನೀರು ಬಾರದ ಬೋರ್‌ವೆಲ್ಲಿನ ಮುಂದೆ ಅಪ್ಪ ಕೂತಿದ್ದನ್ನು ಕಂಡವರು. ಕಾಡು, ಗದ್ದೆ, ಕಡಲುಗಳ ನಡುವೆ ನಡೆಯುವ ಕಥೆ ಇವರಿಗೆ ತಮ್ಮದೆನಿಸುತ್ತದೆಯೇ? ಓದಿದವರು, ಓದಿಸಿದವರು ದಯವಿಟ್ಟು ತಿಳಿಸಿ.

ಉತ್ತರ
ನಿವೃತ್ತ ಪ್ರೌಢಶಾಲಾ ಶಿಕ್ಷಕ, ತಿಪಟೂರು

ಮೇಡಂ, ಹಳೆಯ ಕಾದಂಬರಿಗಳು ಬೆಳೆಯುವ ಮಕ್ಕಳಿಗೆ ಬದುಕನ್ನು ಕಲಿಸುತ್ತವೆ ಎಂದೇ ನನ್ನ ಅನುಭವ. ಆದರೆ ಅಧ್ಯಾಯ ಮುಗಿದ ಕೂಡಲೇ “ಇದರಿಂದ ನಾವು ತಿಳಿಯಬೇಕಾದ ನೀತಿ” ಎಂದು ಕಪ್ಪು ಹಲಗೆಯ ಮೇಲೆ ಬರೆದ ತರಗತಿಗಳಲ್ಲಿ ಅದು ನಡೆದದ್ದನ್ನು ನಾನು ಕಂಡಿಲ್ಲ. ನೀತಿ ಹೇಳುವುದಕ್ಕೆ ಸುಭಾಷಿತವಿದೆ, ಗಾದೆಯಿದೆ, ಮನೆಯಲ್ಲಿ ಹಿರಿಯರಿದ್ದಾರೆ. ಕಾದಂಬರಿಯ ಕೆಲಸ ಬೇರೆ. ಒಂದು ಮನೆಯಲ್ಲಿ ಇಂದು ಆಡಿದ ಮಾತಿನ, ಮಾಡಿದ ಹಟದ, ತಪ್ಪಿಸಿಕೊಂಡ ಹೊಣೆಯ ಫಲ ಕಾಣಿಸಿಕೊಳ್ಳುವುದಕ್ಕೆ ನಿಜಜೀವನದಲ್ಲಿ ಹತ್ತಿಪ್ಪತ್ತು ವರ್ಷ ಬೇಕು. ಹದಿನೇಳರ ಹುಡುಗನಿಗೆ ಅಷ್ಟು ವರ್ಷಗಳ ಅನುಭವ ಎಲ್ಲಿಂದ ಬರಬೇಕು? ಬೀಜ ಬಿತ್ತಿದ್ದನ್ನೂ ಬೆಳೆ ಬಂದದ್ದನ್ನೂ ಒಂದೇ ತಿಂಗಳಲ್ಲಿ ತೋರಿಸಬಲ್ಲದ್ದು ದೊಡ್ಡ ಕಾದಂಬರಿಯೊಂದೇ.

ನಾನು ಓದಿಸುತ್ತಿದ್ದದ್ದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಬಂದ ಈ ಕಾದಂಬರಿಯ ಕಥೆ ನಡೆಯುವುದು ನಮ್ಮ ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲೇ, ಕಳೆದ ಶತಮಾನದ ಮೊದಲ ಅರ್ಧದಲ್ಲಿ. ನಿಮ್ಮ ಎರಡನೆಯ ತೊಡಕಿಗೆ ಇದೇ ಒಂದು ಪರಿಹಾರ, ಏಕೆಂದರೆ ಇದು ಬಯಲುಸೀಮೆಯ ಪುಸ್ತಕ. ನಂಜಮ್ಮ ಎಂಬ ಹುಡುಗಿ ಚಿಕ್ಕ ವಯಸ್ಸಿನಲ್ಲೇ ಶಾನುಭೋಗರ ಮನೆಗೆ ಸೊಸೆಯಾಗಿ ಬರುತ್ತಾಳೆ. ಅತ್ತೆ ಗಂಗಮ್ಮನ ಬಾಯಿಗೆ ಲಗಾಮಿಲ್ಲ. ಗಂಡ ಚೆನ್ನಿಗರಾಯರಿಗೆ ಊಟದ ಹೊರತು ಇನ್ನೊಂದು ಚಿಂತೆಯಿಲ್ಲ. ಹೆಸರು ಗಂಡನದಾದರೂ ಶಾನುಭೋಗಿಕೆಯ ಲೆಕ್ಕವನ್ನು ಕಲಿತು ಬರೆಯುವವಳು ಅವಳು. ಮನೆತನದ ಜಮೀನು ಕೈಬಿಟ್ಟುಹೋದ ಮೇಲೆ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವವಳೂ ಅವಳೇ. ಶಾನುಭೋಗಿಕೆ ಎಂದರೇನೆಂಬುದು ಈಗಿನ ಮಕ್ಕಳಿಗೆ ತಿಳಿಯದು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವೆಂದು, ಆಮೇಲೆ ಗ್ರಾಮ ಲೆಕ್ಕಿಗರು ಮಾಡಿದ ಕೆಲಸದ ಹಿಂದಿನ ರೂಪ ಅದೆಂದು ಮೊದಲೇ ಹೇಳಿಬಿಡುತ್ತಿದ್ದೆ. ಆಮೇಲೆ ಕಥೆಯೇ ಅವರನ್ನು ಎಳೆದುಕೊಂಡು ಹೋಗುತ್ತಿತ್ತು.

ಒಂದು ವರ್ಷದ ಹತ್ತನೇ ತರಗತಿಯಲ್ಲಿ, ನಂಜಮ್ಮ ಯಾಕೆ ತವರಿಗೆ ಹೊರಟುಹೋಗಲಿಲ್ಲ ಎಂದು ಒಬ್ಬ ಹುಡುಗಿ ಕೇಳಿದಳು. ನಾನು ಉತ್ತರ ಹೇಳಲಿಲ್ಲ, ಮಕ್ಕಳಿಗೇ ಬಿಟ್ಟೆ. ಹೋಗಬೇಕಿತ್ತು ಎಂದು ಕೆಲವರು ಪಟ್ಟು ಹಿಡಿದರು. ಹೋಗಿದ್ದರೆ ಮಕ್ಕಳ ಗತಿಯೇನು, ಆ ಕಾಲದಲ್ಲಿ ಒಬ್ಬ ಹೆಂಗಸಿಗೆ ದುಡಿಯಲು ಯಾವ ದಾರಿಯಿತ್ತು, ತವರಿನಲ್ಲಿ ಅಣ್ಣ ಅತ್ತಿಗೆ ಎಷ್ಟು ದಿನ ಇಟ್ಟುಕೊಳ್ಳುತ್ತಿದ್ದರು ಎಂದು ಇನ್ನು ಕೆಲವರು ಕೇಳಿದರು. ಆ ವಾದದ ನಡುವೆ, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗನೊಬ್ಬ, “ಸಾರ್, ಚೆನ್ನಿಗರಾಯರು ಮೊದಲಿನಿಂದ ಹಾಗಿರಲಿಲ್ಲ ಅನ್ನಿಸ್ತದೆ. ಅವರ ಕೈಲಿ ಯಾರೂ ಯಾವ ಕೆಲಸಾನೂ ಮಾಡಿಸಿಲ್ಲ” ಎಂದ. ನಾನು ಅಷ್ಟು ವರ್ಷ ಆ ಪಾತ್ರವನ್ನು ಕಂಡದ್ದೇ ಬೇರೆ ಬಗೆಯಲ್ಲಿ. ವಯಸ್ಸಿಗೆ ಬಂದರೂ ಬೆಳೆಯದೆ ಉಳಿದುಬಿಡುವ ಮನುಷ್ಯರಿರುತ್ತಾರೆ, ಅವರ ಪಾಲಿನ ಭಾರವನ್ನು ಪಕ್ಕದಲ್ಲಿರುವವರು ಹೊರಬೇಕಾಗುತ್ತದೆ ಎಂಬುದನ್ನು ಆ ಹುಡುಗ ತಾನಾಗಿ ಕಂಡುಕೊಂಡಿದ್ದ. ಅದನ್ನು ನಾನು ಹಲಗೆಯ ಮೇಲೆ ಬರೆದಿದ್ದರೆ ಅವನು ನಕಲು ಮಾಡಿಕೊಂಡು ಮರೆತುಬಿಡುತ್ತಿದ್ದ.

ಒಂದು ಎಚ್ಚರಿಕೆಯೂ ಬೇಕು. ಪ್ಲೇಗಿನ ಭಾಗ ಬಹಳ ಕಠಿಣವಾದದ್ದು. ಇಲಿ ಬಿದ್ದಿತೆಂದರೆ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ಬಾಲ್ಯದಲ್ಲಿ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡ ಲೇಖಕರು ಬರೆದ ಪುಟಗಳು ಅವು. ಎಲ್ಲಿಯೂ ಕಣ್ಣೀರು ತರಿಸಲು ಎಳೆದಾಡಿಲ್ಲ, ಅದಕ್ಕೇ ಹೆಚ್ಚು ತಟ್ಟುತ್ತವೆ. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಕ್ಕಳಿದ್ದರೆ ಮೊದಲೇ ತಿಳಿದುಕೊಂಡಿರಿ, ಆ ಭಾಗ ಓದುವ ದಿನ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.

ಉತ್ತರ
ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವನು

ಮೇಡಂ, ನಾನು ಕನ್ನಡದ ಕಾದಂಬರಿಯ ಬದಲು ಇಂಗ್ಲಿಷಿನ ಒಂದನ್ನು ಹೇಳುತ್ತೇನೆ, ಕ್ಷಮಿಸಿ. ಚಾರ್ಲ್ಸ್ ಡಿಕನ್ಸ್ 1860–61ರಲ್ಲಿ ತಮ್ಮ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ನನಗೆ ಪದವಿ ತರಗತಿಯಲ್ಲಿ ಸಿಕ್ಕಿತು. ಅದರಲ್ಲಿ ಪಿಪ್ ಎಂಬ ಅನಾಥ ಹುಡುಗನನ್ನು ಅಕ್ಕನ ಗಂಡ ಜೋ ಎಂಬ ಕಮ್ಮಾರ ಪ್ರೀತಿಯಿಂದ ಸಾಕಿರುತ್ತಾನೆ. ಯಾರೋ ಕೊಟ್ಟ ಹಣದಿಂದ ಪಿಪ್ ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗಲು ಹೊರಡುತ್ತಾನೆ. ಒಂದು ದಿನ ಜೋ ಅವನನ್ನು ನೋಡಲು ಬರುತ್ತಾನೆ. ಹಣ ಕೊಟ್ಟು ಅವನ ಬರುವನ್ನು ತಪ್ಪಿಸಲು ಸಾಧ್ಯವಿದ್ದರೆ ಕೊಟ್ಟುಬಿಡುತ್ತಿದ್ದೆನೆಂದು ಪಿಪ್ ತಾನೇ ಹೇಳಿಕೊಳ್ಳುತ್ತಾನೆ. ಆ ಕೋಣೆಯಲ್ಲಿ ಜೋಗೆ ತನ್ನ ಟೋಪಿಯನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಬೆಂಕಿಗೂಡಿನ ಮೇಲಿನ ಅಂಚಿನಲ್ಲಿಟ್ಟ ಟೋಪಿ ಮತ್ತೆ ಮತ್ತೆ ಕೆಳಗೆ ಬೀಳುತ್ತದೆ, ಅವನು ಮತ್ತೆ ಮತ್ತೆ ಹಿಡಿಯುತ್ತಾನೆ. ಮಾತಿನ ನಡುವೆ ತಾನು ಸಾಕಿದ ಹುಡುಗನನ್ನೇ “ಸರ್” ಎಂದು ಕರೆಯುತ್ತಾನೆ.

ಅಪ್ಪ ಅಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತನಾಡುವುದನ್ನು ಗೆಳೆಯರ ಮುಂದೆ ಮರೆಮಾಡಲು ನೋಡುವ ಮಕ್ಕಳು ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಓದಲು ಹೋದವರಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರ ನಡುವೆಯೇ ಓದಿದವನು. ಆ ಟೋಪಿಯ ಪ್ರಸಂಗ ಓದಿದಾಗ ನನಗೆ ತಿಳಿದದ್ದು, ಊರಿನವರನ್ನು ಕಂಡು ನಾಚುವುದು ನನ್ನೊಬ್ಬನ ಕೆಟ್ಟತನವಾಗಿರದೆ, ಮೇಲೆ ಬರುವ ದಾರಿಯಲ್ಲಿ ಎಲ್ಲರ ಕಾಲಿಗೂ ಸಿಗುವ ಮುಳ್ಳೆಂಬುದು; ಅದನ್ನು ದಾಟುವುದಕ್ಕೆ ಮೊದಲು ಅದು ಇದೆಯೆಂದು ಒಪ್ಪಿಕೊಳ್ಳಬೇಕೆಂಬುದು. ನಿಮ್ಮ ಎರಡನೆಯ ತೊಡಕಿಗೂ ಇದೇ ನನ್ನ ಉತ್ತರ. ಲಂಡನ್ನನ್ನು ನಾನು ಕಂಡಿರಲಿಲ್ಲ, ಕಮ್ಮಾರಸಾಲೆಯನ್ನೂ ಹತ್ತಿರದಿಂದ ಕಂಡಿರಲಿಲ್ಲ. ಊರು ಯಾವುದಾದರೂ ಮಕ್ಕಳು ಮನುಷ್ಯನನ್ನು ಗುರುತು ಹಿಡಿಯುತ್ತಾರೆ.

ಉತ್ತರ
ಪ್ರಾಥಮಿಕ ಶಾಲಾ ಶಿಕ್ಷಕ, ಪಾವಗಡ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೂ ಒಂದು ಮಾತು ಹೇಳದೆ ಇರಲಾರೆ. ಹಳೆಯ ಶ್ರೇಷ್ಠ ಕಾದಂಬರಿಗಳೆಂದು ಪಟ್ಟಿ ಮಾಡಲು ಕುಳಿತರೆ ಮೊದಲು ಬರುವವು ಹೆಚ್ಚಾಗಿ ಜಮೀನು ಇದ್ದವರ, ಇದ್ದು ಕಳೆದುಕೊಂಡವರ ಮನೆಗಳ ಕಥೆಗಳು. ಕೇರಿಯಿಂದ ಬಂದ ಮಗು ಆ ಪುಟಗಳಲ್ಲಿ ತನ್ನನ್ನು ಹುಡುಕಿದರೆ, ಹಿತ್ತಲ ಬಾಗಿಲಲ್ಲಿ ನಿಂತ ಆಳಾಗಿ ಒಂದೆರಡು ಸಾಲಿನಲ್ಲಿ ಸಿಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಅದೂ ಒಂದು ಪಾಠವಾಗಿಬಿಡುತ್ತದೆ. ನಾನು ಆ ಪಾಠ ಕಲಿತವನು, ಆದ್ದರಿಂದ ಹೇಳುತ್ತಿದ್ದೇನೆ.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಸ್ವಂತಕ್ಕೆ ಒಂದು ತುಂಡು ಭೂಮಿ ಉಳಬೇಕೆಂಬ ಚೋಮನ ಆಸೆ ನೆರವೇರುವುದಿಲ್ಲ. ಮನೆಯಲ್ಲಿ ಎತ್ತುಗಳಿವೆ, ಉಳಲು ಹೊಲವಿಲ್ಲ. ಕಾಫಿ ತೋಟದ ಸಾಲ ಮಕ್ಕಳನ್ನು ಒಬ್ಬೊಬ್ಬರಾಗಿ ಕಸಿದುಕೊಳ್ಳುತ್ತದೆ. ಇದು ಹೊರಗಿನವರ ಕಣ್ಣಿನಿಂದ ಕಂಡ ಕಥೆ ಎಂಬ ಆಕ್ಷೇಪ ನನಗೂ ಇದೆ, ಆದರೂ ಓದಿಸಿ ಎನ್ನುತ್ತೇನೆ. ನಮ್ಮ ಹಿರಿಯರು ಹಣೆಬರಹ ಎಂದು ಸುಮ್ಮನಾದ ಎಷ್ಟೋ ಸಂಗತಿಗಳ ಹಿಂದೆ ಯಾರೋ ಕುಳಿತು ಮಾಡಿದ ತೀರ್ಮಾನವಿತ್ತು ಎಂಬುದು ನನಗೆ ಹೊಳೆದದ್ದು ಆ ಪುಸ್ತಕದಿಂದ. ನನ್ನ ತಂದೆ ಯಾರೊಂದಿಗೂ ವಾದಿಸದೆ ತಲೆ ತಗ್ಗಿಸಿ ಬರುತ್ತಿದ್ದುದರ ಬಗ್ಗೆ ನನಗಿದ್ದ ಸಿಟ್ಟು ಆಮೇಲೆ ಬೇರೆ ಕಡೆಗೆ ತಿರುಗಿತು. ಹುಡುಗನೊಬ್ಬ ದೊಡ್ಡವನಾಗುವುದರಲ್ಲಿ ಅದು ಸಣ್ಣ ಸಂಗತಿಯಲ್ಲ.

ಅದರ ಜೊತೆಗೆ ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಓದಿಸಿ. ಅದು ಚಿಕ್ಕದು, ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಊರೆಲ್ಲ ತಿರುಗುವ ಸಾಕವ್ವ, ಗೋಡೆಯ ಮೇಲೆ ನವಿಲು ಬಿಡಿಸುವ ಹುಡುಗಿ, ರಾತ್ರಿ ಒಲೆಯ ಸುತ್ತ ಕುಳಿತು ಮೂಟೆ ಕಡ್ಲೆಕಾಯಿಯನ್ನು ಸುಟ್ಟು ತಿನ್ನುವ ಇಡೀ ಮನೆ. ಆ ಕಡ್ಲೆಕಾಯಿ ಕದ್ದು ತಂದದ್ದು, ಬೆಳಗಾದರೆ ಪೊಲೀಸರು ಬರುತ್ತಾರೆ. ಆದರೆ ಆ ರಾತ್ರಿ ಆ ಮನೆಯಲ್ಲಿರುವ ಸಂತೋಷವನ್ನು ಲೇಖಕರು ಕಿಂಚಿತ್ತೂ ಕಡಿಮೆ ಮಾಡಿಲ್ಲ. ಪಾವಗಡದಲ್ಲೂ ನಿಮ್ಮ ಬಾಗೇಪಲ್ಲಿ, ಗೌರಿಬಿದನೂರಿನ ಕಡೆಯಲ್ಲೂ ಕಡ್ಲೆಕಾಯಿ ಬಿಡಿಸಿದ ಕೈಗಳ ಮಕ್ಕಳಿದ್ದಾರೆ, ಅವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಹಸಿವಿನ ಮನೆಯಲ್ಲೂ ಚಿತ್ರ ಬಿಡಿಸುವ ಕೈ, ನಗುವ ಬಾಯಿ, ಜಗಳವಾಡುವ ಗತ್ತು ಇರುತ್ತದೆಂದು ತೋರಿಸಿದ ಪುಸ್ತಕ ಅದು. ಅನುಕಂಪವನ್ನಷ್ಟೇ ಕಂಡ ಮಕ್ಕಳಿಗೆ ಈ ಗೌರವ ಸಿಗಬೇಕು.

ಉತ್ತರ
ಓದುಗ, ಮಾಲೂರು

ನಮ್ಮ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಇಲ್ಲಿ ಯಾರೂ ನೆನೆಯದಿದ್ದದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಅವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಪ್ರಕಟವಾಯಿತು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದದ್ದು ಈ ಕೃತಿಗಾಗಿ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾಗುವ ಹೊತ್ತಿನ ಕೊನೆಯ ಅರಸನ ಕಥೆ. ಅಧಿಕಾರ ಬೇಗ ಕೈಗೆ ಬಂದು ಸಂಯಮ ಬಾರದೆ ಹೋದರೆ ಏನಾಗುತ್ತದೆ, ಒಬ್ಬನ ಸುತ್ತ ಅವನಿಗೆ ಬೇಕಾದ್ದನ್ನೇ ಹೇಳುವವರು ತುಂಬಿಕೊಂಡರೆ ಏನಾಗುತ್ತದೆ ಎಂಬುದನ್ನು ಮಾಸ್ತಿಯವರು ಯಾರನ್ನೂ ಹೀಗಳೆಯದೆ ನಿಧಾನವಾಗಿ ಬಿಡಿಸುತ್ತಾರೆ. ಅರಸನ ಮೇಲೂ ಓದುಗನಿಗೆ ಮರುಕ ಉಳಿಯುತ್ತದೆ. ಹದಿನೇಳರ ಮಕ್ಕಳಿಗೆ ಅದು ದೊಡ್ಡದೆನಿಸಿದರೆ ‘ಸುಬ್ಬಣ್ಣ’ದಿಂದ ಆರಂಭಿಸಬಹುದು. ಸಂಗೀತದ ಹುಚ್ಚಿರುವ ಮಗ, ಅವನನ್ನು ಅರ್ಥಮಾಡಿಕೊಳ್ಳಲಾರದ ತಂದೆ, ಮನೆ ಬಿಡುವ ಗಳಿಗೆ. ಪುಟಗಳು ಕಡಿಮೆ, ಭಾಷೆ ತಿಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪಾವಗಡದ ಸಾರ್ ಹೇಳಿದ ಮಾತು ಮನಸ್ಸಿನಲ್ಲಿ ಕುಳಿತಿದೆ. ‘ಗೃಹಭಂಗ’ ಮತ್ತು ‘ಒಡಲಾಳ’ ಎರಡನ್ನೂ ತೆಗೆದುಕೊಳ್ಳುತ್ತೇನೆ. ಇನ್ನು ಉಳಿದದ್ದು ನಡೆಸುವ ಬಗೆ. ಮಕ್ಕಳ ಓದು ನಿಧಾನ, ಆಡುನುಡಿಯ ಸಂಭಾಷಣೆಗಳಲ್ಲಿ ಎಡವುತ್ತಾರೆ, ನಾಲ್ಕು ಪುಟಕ್ಕೆ ಬೇಸರ ಬಂದರೆ ಏನು ಮಾಡುವುದು? ಆ ತಂದೆಗೆ ಏನು ಹೇಳುವುದು?

ಉತ್ತರ
ಗೃಹಿಣಿ, ಗುಬ್ಬಿ

ಮೇಡಂ, ನಾನು ಶಿಕ್ಷಕಿಯಲ್ಲ. ಮದುವೆಯಾದ ಮೇಲೆ ಊರಿನ ಗ್ರಂಥಾಲಯದಿಂದ ತಂದು ಓದಿದವಳು. ನನಗೆ ಮೊದಲು ಸಿಕ್ಕಿದ್ದು ಕಾರಂತರ ‘ಮರಳಿ ಮಣ್ಣಿಗೆ’. ಕರಾವಳಿಯ ಐತಾಳರ ಮನೆಯ ಮೂರು ತಲೆಮಾರಿನ ಕಥೆ ಅದು. ಆಗ ನಾನು ಕಡಲನ್ನು ಕಂಡೇ ಇರಲಿಲ್ಲ, ಅಲ್ಲಿನ ಮಾತು ಮೊದಲ ಪುಟಗಳಲ್ಲಿ ಕಷ್ಟವಾಯಿತು. ಆದರೆ ಸರಸೋತಿ, ಪಾರೋತಿಯರು ಆ ಮನೆಯಲ್ಲಿ ದುಡಿಯುವುದನ್ನು ಓದುತ್ತಿದ್ದ ಹಾಗೆ ಭಾಷೆ ತಾನಾಗಿ ಹಿಡಿತಕ್ಕೆ ಬಂತು. ಓದಿಸಲೆಂದು ಪೇಟೆಗೆ ಕಳಿಸಿದ ಮಗ ಲಚ್ಚ ಇದ್ದದ್ದನ್ನೆಲ್ಲ ಹಾಳುಮಾಡುತ್ತಾನೆ. ಅವನ ಹೆಂಡತಿ ನಾಗವೇಣಿ ಮಗ ರಾಮನನ್ನು ಬೆಳೆಸುತ್ತಾಳೆ. ಆ ರಾಮ ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯದ ಚಳವಳಿಗೆ ಇಳಿದು, ಕೆಲಸಕ್ಕೆ ಅಲೆದು, ಕೊನೆಗೆ ಊರಿಗೆ ಬರುತ್ತಾನೆ.

ಓದು ಎಂಬುದು ಒಂದೇ ಮನೆಯಲ್ಲಿ ಒಬ್ಬನನ್ನು ಕೆಡಿಸಿತು, ಇನ್ನೊಬ್ಬನನ್ನು ತಿದ್ದಿತು. ಯಾಕೆ ಹಾಗಾಯಿತು ಎಂದು ನಾನು ನನ್ನ ಮಕ್ಕಳನ್ನು ಬೆಳೆಸುವಾಗಲೆಲ್ಲ ಯೋಚಿಸಿದ್ದೇನೆ. ಲಚ್ಚನನ್ನು ಅತಿಯಾಗಿ ಮುದ್ದಿಸಿದ್ದು ಕಾರಣವೋ, ಮನೆಯ ಕಷ್ಟ ಅವನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟದ್ದು ಕಾರಣವೋ? ರಾಮ ತಾಯಿಯ ಕಷ್ಟವನ್ನು ಕಂಡೇ ಬೆಳೆದ. ಮನೆಯ ಸಾಲದ ವಿಚಾರವನ್ನು ಮಕ್ಕಳ ಮುಂದೆ ಮಾತನಾಡಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ನಾನು ಮಾತನಾಡಿದೆ, ವಯಸ್ಸಿಗೆ ತಕ್ಕಷ್ಟು. ನಿಮ್ಮ ಸಭೆಯಲ್ಲಿ ಎದ್ದುನಿಂತ ಆ ತಂದೆಗೆ ಈ ಕಥೆಯನ್ನೇ ಹೇಳಿ ನೋಡಿ. ಸಾಲ ಮಾಡಿ ಮಗನನ್ನು ಓದಿಸುವ ತಂದೆಗೆ ಐತಾಳರ ಮನೆಯ ಕಥೆ ಬೇಗ ಅರ್ಥವಾದೀತು.

ಉತ್ತರ
ನಿವೃತ್ತ ಪ್ರೌಢಶಾಲಾ ಶಿಕ್ಷಕ, ತಿಪಟೂರು

ನಡೆಸುವ ಬಗೆ ಕೇಳಿದ್ದೀರಿ. ಮೊದಲ ಮೂರು ನಾಲ್ಕು ಅಧ್ಯಾಯಗಳನ್ನು ನೀವೇ ಗಟ್ಟಿಯಾಗಿ ಓದಿ. ಜಗಳದ ಸಂಭಾಷಣೆಗಳನ್ನು ಮಕ್ಕಳಿಗೆ ಹಂಚಿ. ಗಂಗಮ್ಮನ ಮಾತು ಓದಲು ನನ್ನ ತರಗತಿಯಲ್ಲಿ ಪೈಪೋಟಿಯೇ ನಡೆಯುತ್ತಿತ್ತು. ಕಿವಿಗೆ ಬಿದ್ದ ಮೇಲೆ ಆಡುನುಡಿ ಕಣ್ಣಿಗೆ ಭಾರವಾಗುವುದಿಲ್ಲ. ಬೇಸರದ ಭಾಗ ಬಂದರೆ ಕಥೆಯನ್ನು ಬಾಯಲ್ಲಿ ಹೇಳಿ ಮುಂದಕ್ಕೆ ದಾಟಿಸಿ, ಅದರಿಂದ ಪುಸ್ತಕಕ್ಕೆ ಅಪಚಾರವಾಗುವುದಿಲ್ಲ. ಶಬ್ದಾರ್ಥ ಬರೆಸಬೇಡಿ, ಪರೀಕ್ಷೆಯಂತೂ ಬೇಡವೇ ಬೇಡ. ಮನೆಮಾತು ತೆಲುಗಾಗಿರುವುದನ್ನು ತೊಡಕೆಂದು ಎಣಿಸದೆ ಉಪಯೋಗಿಸಿಕೊಳ್ಳಿ. ಆ ದಿನ ಓದಿದ್ದನ್ನು ಮನೆಯಲ್ಲಿ ಅಜ್ಜಿಗೋ ಅಮ್ಮನಿಗೋ ತೆಲುಗಿನಲ್ಲಿ ಹೇಳಿ, ಅವರು ಏನೆಂದರೆಂದು ಮರುದಿನ ಬಂದು ತಿಳಿಸಲಿ. ನಂಜಮ್ಮನ ಬಗ್ಗೆ ನಿಮ್ಮ ಸೀಮೆಯ ಅಜ್ಜಿಯಂದಿರು ಆಡುವ ಮಾತು ನಮ್ಮ ಯಾವ ವಿಮರ್ಶೆಗಿಂತಲೂ ಕಡಿಮೆಯಾಗಿರಲಾರದು, ಮತ್ತು ಮಕ್ಕಳಿಗೆ ತಮ್ಮ ಅಜ್ಜಿಯ ಬಾಳಿನ ಕಥೆಯೂ ಆ ನೆಪದಲ್ಲಿ ಸಿಕ್ಕೀತು.

ಆ ತಂದೆಗೆ ಸಿಇಟಿಯಲ್ಲಿ ಇದರಿಂದ ಒಂದು ಅಂಕವೂ ಬರುವುದಿಲ್ಲವೆಂದು ನೇರವಾಗಿ ಹೇಳಿ. ನೆಪ ಹೇಳಿದರೆ ಅವರಿಗೆ ತಿಳಿದುಬಿಡುತ್ತದೆ. ವಾರಕ್ಕೆ ಒಂದು ಅವಧಿ, ಅದೂ ಪರೀಕ್ಷೆಯ ತಿಂಗಳುಗಳನ್ನು ಬಿಟ್ಟು, ಎಂದು ಭರವಸೆ ಕೊಡಿ. ಬಿಡುವಾದ ಶನಿವಾರ ಅವರೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲಿ. ನನ್ನ ಕಾಲದಲ್ಲಿ ಹಾಗೆ ಬಂದವರೊಬ್ಬರು ತಾವು ಕಂಡ ಶಾನುಭೋಗರ ವಿಷಯ ಹೇಳಲು ತೊಡಗಿ, ಆ ದಿನದ ಅಧ್ಯಾಯವನ್ನು ಓದುವುದಕ್ಕೇ ಆಗಲಿಲ್ಲ.

ಪ್ರಶ್ನೆ ಕೇಳಿದವರಿಂದ

ಸಾರ್, ಅಜ್ಜಿಗೆ ತೆಲುಗಿನಲ್ಲಿ ಹೇಳಿಸುವ ಉಪಾಯ ನನಗೆ ಹೊಳೆದೇ ಇರಲಿಲ್ಲ. ಗುಬ್ಬಿಯ ಅಮ್ಮ ಹೇಳಿದ ಹಾಗೆ ಆ ತಂದೆಯವರನ್ನು ಕಂಡು ಐತಾಳರ ಮನೆಯ ಕಥೆ ಹೇಳುತ್ತೇನೆ, ಶನಿವಾರದ ಅವಧಿಗೂ ಕರೆಯುತ್ತೇನೆ. ದಸರಾ ರಜೆ ಮುಗಿದ ವಾರದಿಂದ ಆರಂಭಿಸುವ ಯೋಚನೆಯಿದೆ. ಕಾಲೇಜಿನ ಗ್ರಂಥಾಲಯದಲ್ಲಿ ‘ಗೃಹಭಂಗ’ದ ಒಂದೇ ಪ್ರತಿ ಇದೆ, ‘ಒಡಲಾಳ’ ಇಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಕೋಲಾರದ ಕಡೆ ಯಾರ ಬಳಿಯಾದರೂ ಓದಿ ಇಟ್ಟ ಹಳೆಯ ಪ್ರತಿಗಳಿದ್ದರೆ, ವರ್ಷದ ಮಟ್ಟಿಗೆ ಎರವಲು ಕೊಡಲು ಸಾಧ್ಯವಿದ್ದರೆ, ಇಲ್ಲೇ ತಿಳಿಸಿ. ರಟ್ಟು ಹೋಗಿದ್ದರೂ ಪರವಾಗಿಲ್ಲ, ಮಕ್ಕಳೇ ಹೊಲಿದು ಅಂಟಿಸಿಕೊಳ್ಳುತ್ತಾರೆ.